ಭಾವನ ಬೆನ್ನು ಮತ್ತು ಕರಗದ ಐಸು

ನನ್ನ ಭಾವ, ಅಂದರೆ ಅಕ್ಕನ ಗಂಡ, ಮೂವತ್ತೊಂದು ವರ್ಷ ಐಸ್ ಫ್ಯಾಕ್ಟರಿಯಲ್ಲಿ ಐಸ್‌ಗಡ್ಡೆ ಹೊತ್ತವರು. ಉಪ್ಪುನೀರಿನ ತೊಟ್ಟಿಯಿಂದ ಡಬ್ಬ ಮೇಲೆತ್ತಿ, ಕವುಚಿ, ಜಾರಿ ಬಿದ್ದ ಗಡ್ಡೆಗೆ ಕೊಕ್ಕೆ ಹಾಕಿ ಎಳೆದು, ಬೆನ್ನಿಗೇರಿಸಿಕೊಂಡು ಲಾರಿಯವರೆಗೆ ನಡೆಯುವುದು ಅವರ ಕೆಲಸ. ಅಲ್ಲಿ ಎಲ್ಲರೂ ಅವರನ್ನು ಕರೆಯುವುದು ಗಡ್ಡೆಯಣ್ಣ ಎಂದೇ. ಹೊರುವವರು ಬೇಕಾದಷ್ಟು ಜನ ಇದ್ದರು, ಅವರ ಹೆಸರು ನಿಂತದ್ದು ಸುತ್ತುವುದರಲ್ಲಿ. ಮೊದಲು ಹಳೇ ಪೇಪರು, ಆಮೇಲೆ ಮರದ ಹೊಟ್ಟು, ಅದರ ಮೇಲೆ ಎರಡು ಪದರ ಗೋಣಿ, ಕೊನೆಗೆ ಹುರಿ. ಅವರು ಸುತ್ತಿದ ಗಡ್ಡೆ ದಿನವಿಡೀ ಬಿಸಿಲಲ್ಲಿ ಲಾರಿ ಸವಾರಿ ಮಾಡಿದರೂ ಮೂಲೆ ಚೂಪಾಗಿಯೇ ಇಳಿಯುತ್ತಿತ್ತಂತೆ. ಇದನ್ನು ಅವರ ಬಾಯಿಂದ ನಾನು ಇನ್ನೂರು ಸಲ ಕೇಳಿದ್ದೇನೆ, ಅದರಲ್ಲಿ ನೂರು ಸಲ ಬಾಯಲ್ಲಿ ತುತ್ತಿರುವಾಗ.

ಕೊನೆಗೆ ಆ ಬೆನ್ನೇ ಮುಷ್ಕರ ಹೂಡಿತು. ಡಿಸ್ಕ್ ಜಾರಿ, ನರ ಒತ್ತಿ, ಎಡಗಾಲು ಜೋಮು ಹಿಡಿದು, ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು ಖಡಾಖಂಡಿತವಾಗಿ ಹೇಳಿದರು: "ಹತ್ತನೇ ದಿನ ನೀವೇ ನಡ್ಕೊಂಡು ನನ್ನ ರೂಮಿಗೆ ಬರಬೇಕು. ನೋವು, ಊತ ಹೀಗೇ ಇದ್ರೆ ಇನ್ನೊಂದ್ಸಲ ಬಿಚ್ಚಿ ನೋಡಬೇಕಾಗುತ್ತೆ."

ಅಕ್ಕನ ಮುಖ ಬಿಳಿಚಿಕೊಂಡಿತು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು, ಬಿಚ್ಚುವುದೆಂದರೆ ಏನೆಂದು ಚೆನ್ನಾಗಿ ಗೊತ್ತು. ಮೊದಲ ಆಪರೇಷನ್ ನಡೆದಾಗ ಮೂರು ಗಂಟೆ ಥಿಯೇಟರಿನ ಬಾಗಿಲ ಮುಂದೆ ಊಟ-ನೀರು ಮುಟ್ಟದೆ ನಿಂತಿದ್ದಳು. "ಇನ್ನೊಂದ್ಸಲ ಅವರನ್ನ ಅದರೊಳಗೆ ಕಳಿಸಿ ನಿಲ್ಲೋಕೆ ನನ್ನ ಕೈಲಾಗಲ್ಲ ಕಣೋ," ಎಂದಳು. ನನಗೂ ಭಯವೇ ಇತ್ತು.

ವ್ಯಾಯಾಮ ಹೇಳಿಕೊಡಲು ಆಸ್ಪತ್ರೆಯಿಂದ ಒಬ್ಬ ಹುಡುಗಿ ಮನೆಗೆ ಬಂದಳು. ಫಿಸಿಯೋಥೆರಪಿ ಓದಿದವಳು, ಮಾತು ಕಡಿಮೆ. "ದಿನಕ್ಕೆ ನಾಲ್ಕು ಸಲ, ಇಪ್ಪತ್ತಿಪ್ಪತ್ತು ನಿಮಿಷ ಐಸ್ ಇಡಿ. ಗಾಯದ ಪಟ್ಟಿ ಒದ್ದೆಯಾಗಬಾರದು. ಬರೀ ಮೈಗೆ ಇಡಬೇಡಿ ಅಂಕಲ್, ಬಟ್ಟೆ ಸುತ್ತಿ ಇಡಿ."

ಭಾವನಿಗೆ ಐಸ್ ಸುತ್ತುವುದನ್ನು ಹೇಳಿಕೊಡುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಮಲಗಿದ್ದಲ್ಲಿಂದಲೇ ನಕ್ಕರು. "ಸುತ್ತೋ ವಿಷಯ ನನಗೆ ಬಿಡು ತಾಯಿ."

ಫ್ರಿಜ್ಜಿನ ಐಸನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ಅದು ಐಸಲ್ಲವಂತೆ, ಚಳಿಗೆ ಹೆದರಿದ ನೀರಂತೆ. ಫ್ಯಾಕ್ಟರಿಯಿಂದ ದಿನವೂ ಒಂದು ತುಂಡು ಬರತೊಡಗಿತು. ಅದನ್ನು ಮಹಡಿಗೆ ಹೊತ್ತು ತರುವ ಭಾಗ್ಯ ನನ್ನದು, ಯಾಕೆಂದರೆ ನನ್ನ ಕನ್ನಡಕದ ಅಂಗಡಿ ಅವರ ಮನೆಯ ಕೆಳಗೇ ಇದೆ. ಜತೆಗೆ ಒಂದು ಚೀಲ ಹೊಟ್ಟು, ಒಂದು ಕಟ್ಟು ಗೋಣಿತಾಟು. ಭಾವ ಮಗ್ಗುಲಾಗಿ ಮಲಗಿ, ಎರಡು ಕೆಜಿ ತುಂಡನ್ನು ಎದೆಯ ಹತ್ತಿರ ಇಟ್ಟುಕೊಂಡು, ಕೂಸಿಗೆ ಬಟ್ಟೆ ತೊಡಿಸುವಷ್ಟು ನಾಜೂಕಾಗಿ ಸುತ್ತುತ್ತಿದ್ದರು. ಸುತ್ತಿ ಮುಗಿಯುವ ಹೊತ್ತಿಗೆ ಮೂಗಿಗಿಂತ ಮೂಗುತಿ ಭಾರ. ಆ ಮೂಟೆಯನ್ನು ಬೆನ್ನಿಗೆ ಒತ್ತರಿಸಿ, ಹಿಂದೆ ದಿಂಬು ಕೊಡುವುದು ಅಕ್ಕನ ಕೆಲಸ. ಇಪ್ಪತ್ತು ನಿಮಿಷವಾದ ಮೇಲೆ ಬಿಚ್ಚಿ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ನೋಡುವುದು ನನ್ನ ಕೆಲಸ.

"ಎಷ್ಟಿದೆ?"

"ಎರಡು ಕೆಜಿ."

"ಇಟ್ಟಾಗ?"

"ಎರಡು ಕೆಜಿ."

"ನೋಡ್ದೆಯಾ!" ಎನ್ನುವರು. ಬೆನ್ನು ಹೇಗಿದೆ ಎಂದು ಕೇಳಿದರೆ "ಒಂದು ಹನಿ ಕರಗಿಲ್ಲ" ಎಂಬುದೇ ಉತ್ತರ. ಹಾಗೆನ್ನುವಾಗ ನೋವಿಗೆ ಹಲ್ಲು ಕಚ್ಚಿರುತ್ತಿದ್ದರು.

ಭಾನುವಾರ ಫ್ಯಾಕ್ಟರಿಯ ನಾಲ್ವರು ಹಮಾಲರು ರೋಗಿಯನ್ನು ನೋಡಲು ಬಂದರು. ರೋಗಿಯನ್ನು ಯಾರೂ ನೋಡಲಿಲ್ಲ. ಮಂಚದ ಸುತ್ತ ನಿಂತು ಐಸಿನ ತುಂಡನ್ನು ಕೈಯಿಂದ ಕೈಗೆ ದಾಟಿಸಿದರು, ಬೆರಳಿಂದ ತಟ್ಟಿ ಸದ್ದು ಕೇಳಿದರು, ಮೂಲೆ ಸವರಿದರು. "ಬೆಳಗಿಂದ ನಾಲ್ಕು ಸಲ ಬೆನ್ನಿಗಿಟ್ಟ ಐಸಾ ಇದು? ಏನ್ ಕೈ ಅಣ್ಣಾ ನಿಂದು!" ಎಂದು ಒಬ್ಬ ಕಣ್ಣೊರೆಸಿಕೊಂಡ. ಭಾವ ತೃಪ್ತಿಯಿಂದ ಕಣ್ಣು ಮುಚ್ಚಿದರು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ಇವರದು ಕೊಯ್ದರೂ ಹೋಗಲಿಲ್ಲ. ದಿನಾ ತಕ್ಕಡಿ ಹಿಡಿದು ನಿಂತ ನನಗಾದರೂ ಬುದ್ಧಿ ಬೇಡವೇ? ಊರಿಗೆಲ್ಲ ಕನ್ನಡಕ ಮಾರುವ ನನ್ನ ಕಣ್ಣಿಗೂ ಏನೂ ಬೀಳಲಿಲ್ಲ.

ಆರನೇ ದಿನ ಆ ಹುಡುಗಿ ಮತ್ತೆ ಬಂದಳು. ಅಷ್ಟರಲ್ಲಿ ಭಾವನಿಗೆ ಮಂಚದ ಅಂಚಿಗೆ ಬಂದು ಕೂರುವುದೂ ಆಗುತ್ತಿರಲಿಲ್ಲ. ಆಗ ತಾನೇ ಐಸ್ ತೆಗೆದ ಬೆನ್ನಿನ ಮೇಲೆ ಅವಳು ಅಂಗೈ ಇಟ್ಟಳು.

"ಬೆಚ್ಚಗಿದೆಯಲ್ಲ ಆಂಟಿ! ಇಲ್ಲಿ ಐಸ್ ಇಟ್ಟೇ ಇಲ್ಲ ನೀವು."

ಭಾವನಿಗೆ ಅವರ ಜೀವಮಾನದಲ್ಲಿ ಯಾರೂ ಅಷ್ಟು ದೊಡ್ಡ ಅವಮಾನ ಮಾಡಿರಲಿಲ್ಲ ಎಂದೇ ನಾನು ಆಗ ತಿಳಿದದ್ದು. "ತೂಗಿ ತೋರ್ಸೋ ಇವಳಿಗೆ!" ಎಂದು ನನ್ನ ಮೇಲೆ ಗುಡುಗಿದರು. ನಾನು ತೂಗಿದೆ. ಎರಡು ಕೆಜಿ. ಹುಡುಗಿ ಗೋಣಿ, ಹೊಟ್ಟು, ಪೇಪರುಗಳ ರಾಶಿಯನ್ನು ನೋಡಿದಳು, ತಕ್ಕಡಿ ನೋಡಿದಳು, ನನ್ನನ್ನು ನೋಡಿದಳು. ನಾನು ಚಾವಣಿ ನೋಡಿದೆ.

"ಅಂಕಲ್, ಅದು ಕರಗಬೇಕು. ಕರಗಿದ್ರೇನೇ ತಂಪು ಬೆನ್ನಿಗೆ ಹೋಗೋದು. ಒಂದು ಪದರ ತೆಳು ಬಟ್ಟೆ ಸಾಕು."

"ಕರಗೋದಾ?" ಭಾವ ಕೇಳಿದ ರೀತಿಗೆ ನಮಗೆಲ್ಲ ಮೈ ಜುಮ್ಮೆಂದಿತು. "ನನ್ನ ಕೈಯಲ್ಲಾ?"

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಅವರು ಕಟ್ಟಿದ ಗಡ್ಡೆ ಅರ್ಧ ನೀರಾಗಿ ಹೋಗಿತ್ತಂತೆ. ಮಾಲೀಕ ಅಂಗಳದಲ್ಲಿ ಎಲ್ಲರ ಮುಂದೆ ಆ ಗೋಣಿಯನ್ನು ಹಿಂಡಿ, ಸುರಿದ ನೀರು ತೋರಿಸಿ, "ಇದು ನಿನ್ನ ಕೆಲಸ" ಎಂದನಂತೆ. ಇಷ್ಟು ವರ್ಷ ಈ ಒಂದು ಕತೆಯನ್ನು ಮಾತ್ರ ಭಾವ ನಮಗೆ ಹೇಳಿರಲಿಲ್ಲ. ಅಂದು ಗೋಡೆಯ ಕಡೆ ಮುಖ ಮಾಡಿ ಹೇಳಿದರು. ಹೇಳಿ, "ಬೇರೆ ಏನ್ ಬೇಕಾದ್ರೂ ಮಾಡಿ. ಕರಗ್ಸೋದು ಮಾತ್ರ ಬೇಡ," ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ನನಗೆ ಅಯ್ಯೋ ಅನ್ನಿಸಿತು, ಕಪಾಳಕ್ಕೊಂದು ಬಾರಿಸಬೇಕು ಅಂತಲೂ ಅನ್ನಿಸಿತು.

ಅಕ್ಕ ಒಳಗೆ ಹೋಗಿ ಸುತ್ತಿಗೆ ತಂದಳು. ಭಾವನ ಕಣ್ಣೆದುರೇ ಆ ಎರಡು ಕೆಜಿಯನ್ನು ನೆಲದ ಮೇಲಿಟ್ಟು ಜಜ್ಜತೊಡಗಿದಳು. ಒಂದೊಂದು ಪೆಟ್ಟಿಗೂ ಭಾವ "ಅಯ್ಯೋ, ಅಯ್ಯೋ" ಎಂದರು.

"ಕಿರುಚಿ, ಚೆನ್ನಾಗಿ ಕಿರುಚಿ," ಅಕ್ಕ ಇನ್ನೊಂದು ಪೆಟ್ಟು ಹಾಕಿದಳು. "ಇನ್ನು ನಾಲ್ಕು ದಿನ ಇದೆ. ಆಮೇಲೆ ನಿಮ್ಮನ್ನ ಒಳಗೆ ತಗೊಂಡು ಹೋಗ್ತಾರೆ. ಈ ಗಡ್ಡೆ ನೆಟ್ಟಗಿರಬೇಕಾ, ನೀವು ನೆಟ್ಟಗಿರಬೇಕಾ? ಹೇಳ್ರೀ!"

ಅಕ್ಕ ಪುಡಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ತನ್ನ ಹೊಲಿಗೆಯ ಲೈನಿಂಗ್ ಬಟ್ಟೆಯ ಒಂದು ಪದರ ಸುತ್ತಿ ಬೆನ್ನಿಗಿಟ್ಟಳು.

ಭಾವ ಚಾವಣಿ ಹಾರಿಹೋಗುವ ಹಾಗೆ ಕೂಗಿದರು. "ಲೇ, ಏನೇ ಇದು! ಇಷ್ಟು ತಣ್ಣಗಿರುತ್ತೇನೇ ಐಸು?"

ಮೂವತ್ತೊಂದು ವರ್ಷ ದಪ್ಪ ಗೋಣಿ ಹೊದ್ದು ಹೊತ್ತಿದ್ದ ಬೆನ್ನಿಗೆ ಐಸಿನ ಪರಿಚಯವಾದದ್ದು ಆಗಲೇ. ಹತ್ತು ನಿಮಿಷಕ್ಕೆ ಹಲ್ಲು ಕಚ್ಚುವುದನ್ನು ಬಿಟ್ಟರು. ಇಪ್ಪತ್ತು ನಿಮಿಷಕ್ಕೆ ಚೀಲದಲ್ಲಿ ನೀರು ಗುಳುಗುಳು ಎಂದಿತು. ಆ ಸದ್ದಿಗೆ ಅವರ ಕಣ್ಣಲ್ಲಿ ನೀರು ಬಂತು. ನಾನು ತಕ್ಕಡಿಗೆ ಕೈ ಹಾಕಿದ್ದಕ್ಕೆ ಅಕ್ಕ ಸುತ್ತಿಗೆ ತೋರಿಸಿದಳು.

ನಾಲ್ಕು ದಿನ ಆ ಮನೆಯಲ್ಲಿ ಐಸು ಕರಗಿದ್ದೇ ಕರಗಿದ್ದು. ಒಂಬತ್ತನೇ ದಿನ ಭಾವ ಅಡುಗೆಮನೆಯವರೆಗೆ ಗೋಡೆ ಹಿಡಿದು ನಡೆದರು.

ಹತ್ತನೇ ದಿನ ಆಸ್ಪತ್ರೆಯ ಉದ್ದನೆಯ ಪಡಸಾಲೆ. ನಾನು ತೋಳು ಹಿಡಿಯಲು ಹೋದರೆ ತಳ್ಳಿಬಿಟ್ಟರು. ಒಬ್ಬರೇ ನಡೆದರು, ನೀರು ತುಂಬಿದ ಬಿಂದಿಗೆ ಹೊತ್ತವರ ಹಾಗೆ ಅಲುಗಾಡದೆ. ಅಕ್ಕ ಡಾಕ್ಟರ ರೂಮಿನ ಹೊರಗೇ ಉಳಿದಳು. ಡಾಕ್ಟರು ಬೆನ್ನು ಒತ್ತಿ ನೋಡಿ, ಕಾಲು ಎತ್ತಿಸಿ ನೋಡಿ, "ಬಿಚ್ಚೋದೇನೂ ಬೇಡ," ಎಂದರು. "ಆದ್ರೆ ಇನ್ನು ಮೇಲೆ ಭಾರ ಎತ್ತೋ ಹಾಗಿಲ್ಲ."

ನಾವು ಹೊರಗೆ ಬಂದಾಗ ಅಕ್ಕ ಬೆಂಚಿನ ಮೇಲೆ ಕುಸಿದು ಕೂತಿದ್ದಳು. ನಾನು ಸುದ್ದಿ ಹೇಳಿದೆ. ಅವಳು ಏಳಲು ನೋಡಿದಳು, ಕಾಲು ಬರಲಿಲ್ಲ. ಸೆರಗು ಬಾಯಿಗಿಟ್ಟು ಬಿಕ್ಕಿದಳು.

ಭಾವ ಅವಳ ಮುಂದೆ ನಿಂತರು. ಅಷ್ಟೆಲ್ಲ ಹೊತ್ತ ಮನುಷ್ಯನಿಗೆ ಎರಡು ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಎತ್ತೋ ಹಾಗಿಲ್ವಂತೆ ಕಣೇ," ಎಂದರು.

ಬೆಂಚಿನ ತೋಳು ಹಿಡಿದು, ಬೆನ್ನು ನೆಟ್ಟಗಿಟ್ಟುಕೊಂಡು, ನಿಧಾನವಾಗಿ ಅವಳ ಪಕ್ಕದಲ್ಲಿ ಕೂತರು.