ಬೇರೆ ದೇಶದ ಕುರ್ಚಿಯ ಹಿಂದೆ ಒಂದು ದಿನ

ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ನಿಲ್ದಾಣದಲ್ಲಿ ಬೆಳಗಿನ ಏಳರ ರೈಲಿಗೆ ಕಾಯುತ್ತಿದ್ದೆ. ಹೇಗ್ ನಗರಕ್ಕೆ ಒಂದೂವರೆ ಗಂಟೆಯ ದಾರಿ, ಟಿಕೆಟ್ಟು ಇಪ್ಪತ್ತು ಯೂರೋ ದಾಟುತ್ತದೆ. ಅಲ್ಲಿನ ಸಭೆಗಳಿಗಾಗಿ ಒಂದು ಪುಟ್ಟ ದ್ವೀಪದೇಶದ ರಾಯಭಾರ ಕಚೇರಿಗೆ ಸಹಾಯಕಿ ಬೇಕಾಗಿತ್ತು. ಒಂದು ದಿನ ಕೆಲಸ ಮಾಡಿ ತೋರಿಸು, ಆಮೇಲೆ ನೋಡೋಣ ಎಂದಿದ್ದರು. ಆ ಒಂದು ದಿನ ಇದೇ.

ದಾವಣಗೆರೆಯಲ್ಲಿ ಓದುವಾಗಿನಿಂದ ನನಗೆ ವಿದೇಶಾಂಗ ಸೇವೆಯ ಹುಚ್ಚು. ಮೂರು ಸಲ ಪರೀಕ್ಷೆ ಬರೆದು, ಒಮ್ಮೆ ದೆಹಲಿಯ ಸಂದರ್ಶನದವರೆಗೂ ಹೋಗಿ, ಅಲ್ಲಿ ಬಾಯಿ ಒಣಗಿ ಕೂತು ಬಂದವಳು ನಾನು. ಆಮೇಲೆ ವಯಸ್ಸು ಮೀರಿತು, ಮದುವೆಯಾಯಿತು, ಗಂಡ ಇಮ್ರಾನ್‌ಗೆ ಇಲ್ಲಿನ ಚಿಪ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಇದೂ ಕೈತಪ್ಪಿದರೆ ಇನ್ನು ಆಸೆ ಬಿಟ್ಟಂತೆಯೇ.

ಮನೆಯಲ್ಲಿ ದಖನಿ ಉರ್ದು ಆಡುವ ನಾವು ಟೆನ್ಶನ್ ಆದಾಗ ಕನ್ನಡಕ್ಕೆ ಹೊರಳುತ್ತೇವೆ.

"ಡಬ್ಬಿ ಇಟ್ಕೊಂಡ್ಯಾ?" ಬೀಳ್ಕೊಡಲು ಬಂದಿದ್ದ ಇಮ್ರಾನ್ ಕೇಳಿದ.

"ಇಟ್ಕೊಂಡೀನಿ. ಗಂಟಲಲ್ಲಿ ಏನೂ ಇಳೀವಲ್ದು."

"ನೀನೇನು ಯುದ್ಧ ನಿಲ್ಸಾಕೆ ಹೊಂಟೀಯಾ? ನೋಟ್ಸ್ ಬರ್ಕೊಳ್ಳೋದು ತಾನೆ."

ಟಿಲ್ಬರ್ಗ್, ಬ್ರೆಡಾ ದಾಟಿದ ಮೇಲೆ ರೈಲು ಬಯಲಿನ ನಡುವೆ ನಿಂತೇಬಿಟ್ಟಿತು. ಡಚ್ ಭಾಷೆಯಲ್ಲಿ ಏನೋ ಪ್ರಕಟಣೆ ಬಂತು. ಪಕ್ಕದವರು ಪೇಪರಿನಿಂದ ತಲೆ ಎತ್ತಲಿಲ್ಲ, ನನಗೆ ಮಾತ್ರ ಜೀವ ಬಾಯಿಗೆ ಬಂತು. ಹತ್ತು ನಿಮಿಷದಲ್ಲಿ ಹೊರಟಿತು. ಹೇಗ್‌ನಲ್ಲಿ ಇಳಿದಾಗ ಜಿಟಿಜಿಟಿ ಮಳೆ, ಛತ್ರಿ ತಿರುವಿ ಹಾಕುವ ಗಾಳಿ. ಟ್ರಾಮ್ ಹಿಡಿದು, ದೇಶದೇಶಗಳ ಸಭೆ ನಡೆಯುವ ಸಭಾಭವನ ಮುಟ್ಟುವಷ್ಟರಲ್ಲಿ ದುಪಟ್ಟಾದ ಅಂಚು ಒದ್ದೆಯಾಗಿತ್ತು.

ಬಾಗಿಲಲ್ಲಿ ತೆರೇಸಾ ಕಾಯುತ್ತಿದ್ದರು. ಐವತ್ತರ ಆಸುಪಾಸು, ಕೈಯಲ್ಲಿ ಚಕ್ರದ ಪೆಟ್ಟಿಗೆ. ಬ್ರಸೆಲ್ಸ್‌ನಲ್ಲಿ ಇದ್ದುಕೊಂಡು ನೆದರ್‌ಲ್ಯಾಂಡ್ಸ್ ಸೇರಿ ಮೂರು ದೇಶ ನೋಡಿಕೊಳ್ಳುವ ರಾಯಭಾರಿ ಅವರೇ. ಜೊತೆಗೆ ಡ್ರೈವರೂ ಇಲ್ಲ, ಕಾರ್ಯದರ್ಶಿಯೂ ಇಲ್ಲ. ರೈಲಿನಲ್ಲೇ ಬಂದಿದ್ದರು. ಸಮುದ್ರ ಏರಿ ದಡ ಮುಳುಗಿದರೆ ದೇಶದ ಗಡಿ ಎಲ್ಲಿಂದ ಅಳೆಯಬೇಕು ಎಂಬುದು ಅಂದಿನ ಚರ್ಚೆ. ಅವರ ಮಟ್ಟಿಗೆ ಅದು ಊರು ಉಳಿಯುವ ಪ್ರಶ್ನೆ. ಆದರೆ ಅದೇ ಹೊತ್ತಿಗೆ ಪಕ್ಕದ ಕೊಠಡಿಯಲ್ಲಿ ಮೀನುಗಾರಿಕೆಯ ಸಭೆಯೂ ಇತ್ತು. ದೊಡ್ಡ ದೇಶದವರು ಎರಡಕ್ಕೂ ಹತ್ತು ಹತ್ತು ಜನ ಕಳಿಸುತ್ತಾರೆ. ಇವರು ಒಬ್ಬರೇ.

"ನಾನು ಅಲ್ಲಿಗೆ ಹೋಗಿ ಬರುತ್ತೇನೆ. ನೀನು ಹಿಂದಿನ ಕುರ್ಚಿಯಲ್ಲಿ ಕೂತು ಯಾರು ಏನು ಹೇಳಿದರು ಬರೆದುಕೋ," ಎಂದು ಇಂಗ್ಲಿಷಿನಲ್ಲಿ ಹೇಳಿ ಅವಸರದಲ್ಲಿ ಹೋದರು.

ಬರೆದುಕೊಳ್ಳುತ್ತಿದ್ದೆ. ಮುಂದಿನ ಸಾಲಿನಲ್ಲಿ ಪಕ್ಕದ ದೇಶದ ಪ್ರತಿನಿಧಿಯೊಬ್ಬರ ಕೈ ತಗುಲಿ ನೀರಿನ ಗ್ಲಾಸು ಉರುಳಿತು. ನೀರು ತೆರೇಸಾ ಅವರ ಖಾಲಿ ಮೇಜಿಗೂ ಹರಿದು ದೇಶದ ಹೆಸರಿನ ಫಲಕದ ಬುಡಕ್ಕೆ ಬಂತು. ನಾನು ಎದ್ದು ಹೋಗಿ ಕರ್ಚೀಫಿನಿಂದ ಒರೆಸಿದೆ. ಫಲಕದಿಂದ ನೀರು ಸೋರಲಿ ಎಂದು, ತೊಳೆದ ತಟ್ಟೆಯನ್ನು ಗೋಡೆಗೆ ಒರಗಿಸುವ ಹಾಗೆ, ಅಡ್ಡಕ್ಕಿದ್ದ ಅದನ್ನು ನೆಟ್ಟಗೆ ಉದ್ದಕ್ಕೆ ನಿಲ್ಲಿಸಿದೆ.

ಅಂಥ ಸಭೆಗಳಲ್ಲಿ ಫಲಕವನ್ನು ಹಾಗೆ ನಿಲ್ಲಿಸಿದರೆ ‘ನಮಗೆ ಮಾತಾಡಲಿಕ್ಕಿದೆ’ ಎಂದು ಅರ್ಥವಂತೆ. ನಾನು ಬಾಯಿಪಾಠ ಮಾಡಿದ್ದ ಯಾವ ಪುಸ್ತಕದಲ್ಲೂ ಅದಿರಲಿಲ್ಲ.

"ಭಾಷಣಕಾರರ ಪಟ್ಟಿ ಮುಚ್ಚುವ ಮೊದಲು..." ಎನ್ನುತ್ತಿದ್ದ ಅಧ್ಯಕ್ಷರು ನನ್ನ ಕಡೆ ನೋಡಿ ಆ ದೇಶದ ಹೆಸರು ಕರೆದರು. ಮೈಕಿನ ಕೆಂಪು ದೀಪ ಹತ್ತಿತು. ಇಡೀ ಸಭೆ ತಿರುಗಿತು. ಬಾಯಿ ಮತ್ತೆ ಒಣಗಿತು. ಸುಮ್ಮನಿದ್ದರೆ ಪಟ್ಟಿ ಮುಚ್ಚುತ್ತದೆ, ತೆರೇಸಾ ಅವರಿಗೆ ಮಾತಾಡುವ ಅವಕಾಶವೇ ತಪ್ಪುತ್ತದೆ. ಮಾತಾಡಲು ನನಗೆ ಹಕ್ಕಿಲ್ಲ.

"ಅಧ್ಯಕ್ಷರೇ, ನಮ್ಮ ಪ್ರತಿನಿಧಿ ಪಕ್ಕದ ಕೊಠಡಿಯಲ್ಲಿದ್ದಾರೆ. ದಯವಿಟ್ಟು ನಮ್ಮ ಸರದಿಯನ್ನು ಕೊನೆಗೆ ಇಡಿ," ಎಂದೆ. ‘ನಮ್ಮ’ ಎಂದು ಹೇಗೆ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಧ್ಯಕ್ಷರು ಗುರುತು ಹಾಕಿಕೊಂಡರು. ಪಟ್ಟಿ ಮುಚ್ಚಿತು.

ತೆರೇಸಾ ಬಂದ ಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಅವರ ಮುಖ ಬಿಗಿಯಾಯಿತು.

"ನೀನು ನಮ್ಮ ದೇಶದವಳಲ್ಲ. ಆ ಮೈಕಿನಲ್ಲಿ ಬಂದ ಒಂದೊಂದು ಮಾತೂ ನಾನು ರಾಜಧಾನಿಗೆ ವರದಿ ಮಾಡಬೇಕು," ಎಂದರು.

ಕೊನೆಯ ಸರದಿಯಲ್ಲಿ ಮೂರು ನಿಮಿಷ ಮಾತಾಡಿದರು. ತಮ್ಮ ಅಜ್ಜಿಯ ಗೋರಿ ಈಗ ಉಬ್ಬರದ ನೀರಿನೊಳಗಿದೆ ಎಂದಾಗ ಪಿಸುಮಾತೆಲ್ಲ ನಿಂತಿತು. ಮುಗಿದ ಮೇಲೆ ಪೆಟ್ಟಿಗೆ ಎಳೆದುಕೊಂಡು ಬ್ರಸೆಲ್ಸ್ ರೈಲಿಗೆ ಓಡಿದರು.

ವಾಪಸ್ ಬರುವಾಗ ಡಬ್ಬಿ ಬಿಚ್ಚಲಿಲ್ಲ. ಕೆಲಸ ಹೋಯಿತು ಎಂದೇ ಲೆಕ್ಕ ಹಾಕಿದ್ದೆ. ಟಿಲ್ಬರ್ಗ್ ಹತ್ತಿರ ಫೋನಿಗೆ ಅವರ ಸಂದೇಶ ಬಂತು: "ವರದಿ ಕಳಿಸಿದೆ. ಎರಡು ಸಲವೂ ಮಾತಾಡಿದ್ದು ನಾನೇ. ಸೋಮವಾರ ಒಂಬತ್ತಕ್ಕೆ ಸಭಾಭವನಕ್ಕೆ ಬಾ."

ನಾಲ್ಕು ಸಲ ಓದಿದೆ. ಖುಷಿಗೆ ಕಣ್ಣು ತುಂಬಿತು, ಜೊತೆಗೇ ನಾನಾಡಿದ ಮಾತೂ ಅವರದೇ ಆಯಿತಲ್ಲ ಎಂದು ಚುಚ್ಚಿತು. ಈ ಬರಹದಲ್ಲಿ ಆ ದೇಶದ ಹೆಸರು ಇಲ್ಲದಿರುವುದೂ ಆ ವರದಿಯ ಸುಳ್ಳು ಬಯಲಾಗಬಾರದೆಂದೇ. ತೆರೇಸಾ ಎಂಬುದೂ ನಾನಿಟ್ಟ ಹೆಸರು.

ಐಂಡ್‌ಹೋವನ್‌ನಲ್ಲಿ ಇಮ್ರಾನ್ ನಿಲ್ದಾಣದ ಮೆಟ್ಟಿಲ ಬುಡದಲ್ಲೇ ನಿಂತಿದ್ದ.

"ಕೆಲಸ ಸಿಕ್ತು," ಎಂದೆ.

"ಹೌದಾ? ಅಷ್ಟು ದೊಡ್ಡ ಸಭೇಲಿ ನಿಂಗೂ ಮಾತಾಡಾಕೆ ಬಿಟ್ರಾ?"

ನಡೆದದ್ದು ನಾಲಿಗೆ ತುದಿಗೆ ಬಂದಿತ್ತು.

"ಇಲ್ಲ," ಎಂದೆ. "ನಾ ಹಿಂದೆ ಕುಂತಿದ್ದೆ. ಮಾತಾಡಿದ್ದೆಲ್ಲ ಅವ್ರೇ."