ಕಪ್ಪೆಯ ಕಡೆಯವನು
ಪ್ರಯೋಗಾಲಯದ ಅಟೆಂಡರಣ್ಣನಿಗೆ ಗಾಜಿನ ಪೆಟ್ಟಿಗೆಯಲ್ಲಿರುವ ಉಷ್ಣವಲಯದ ಹಸಿರು ಕಪ್ಪೆ ಮನೆಮಗಳಾದರೆ, ಪಕ್ಕದ ಬಾಟಲಿಯಲ್ಲಿರುವ ಸಿಹಿನೀರಿನ ಬ್ಯಾಕ್ಟೀರಿಯಾ ಕರೆಯದೆ ಬಂದು ಬೀಡುಬಿಟ್ಟ ನೆಂಟ. "ಇವಳನ್ನ ನೋಡಿ, ಕರೆದರೆ ಓಗೊಡ್ತಾಳೆ. ಅದು ಇದ್ದರೂ ಅಷ್ಟೇ, ಬಿಟ್ಟರೂ ಅಷ್ಟೇ!" ಎಂದು ಬಂದವರಿಗೆಲ್ಲ ಹೋಲಿಸಿ ತೋರಿಸುತ್ತಿದ್ದ. ಕಪ್ಪೆಗೆ ನೀರು ಚಿಮುಕಿಸುವಾಗ ಲಾಲಿ, ಬಾಟಲಿ ಒರೆಸುವಾಗ ಗೊಣಗಾಟ. ಸೂಕ್ಷ್ಮದರ್ಶಕವನ್ನು ಮೂವತ್ತು ವರ್ಷ ದಿನವೂ ಫಳಫಳ ಹೊಳೆಯುವಂತೆ ಒರೆಸಿದವನು ಒಮ್ಮೆಯೂ ಅದರೊಳಗೆ ಇಣುಕಿರಲಿಲ್ಲ. ಬಾ, ನೋಡು ಎಂದು ಯಾರೂ ಕರೆದೇ ಇರಲಿಲ್ಲ. ಮೊನ್ನೆ ಹೊಸ ಮೇಡಂ ಕರೆದರು. ಬಾಟಲಿಯ ಒಂದೇ ಹನಿಯಲ್ಲಿ ಸಾವಿರಾರು ಚುಕ್ಕೆಗಳು ಸರ್ರನೆ ಓಡಾಡುತ್ತಿದ್ದವು. "ಅಯ್ಯಯ್ಯೋ, ಥೇಟ್ ಕಪ್ಪೆಮರಿಗಳ ಹಾಗೇ ಈಜ್ತಾವಲ್ಲ ಮೇಡಂ!" ಎಂದು ಕುಣಿದೇಬಿಟ್ಟ. ಈಗ ಬಾಟಲಿಗೂ ಲಾಲಿಯೇ, ಅದೂ ಅಷ್ಟೂ ಮಕ್ಕಳಿಗೆ ಕೇಳಿಸಲೆಂದು ಗಂಟಲು ಬಿಚ್ಚಿ.