ಎದುರಾಳಿಯ ಟಾರ್ಪಾಲು ಹಿಡಿದವರು

ದಕ್ಷಿಣ ಮಿನೆಸೋಟದ ಸಣ್ಣ ಕಾಲೇಜುಗಳ ಬೇಸ್‌ಬಾಲ್ ಲೋಕದಲ್ಲಿ ಹಾಲ್ವರ್‌ಸನ್ ಕಾಲೇಜಿನ ತರಬೇತುದಾರರಾದ ಶ್ರೀ ವರ್ಲಿನ್ ಟಾಲೆಫ್ಸನ್ ಅವರ ಹೆಸರು ಕೇಳದವರಿಲ್ಲ. ಅವರಿಗಿಂತ ಹೆಚ್ಚು ಪಂದ್ಯ ಗೆದ್ದವರು ಇದ್ದಾರೆ. ಅಂಥವರಲ್ಲಿ ನಾನೂ ಒಬ್ಬನೆಂಬುದನ್ನು ಅವರ ನಿವೃತ್ತಿಯ ಈ ಶುಭ ಸಂದರ್ಭದಲ್ಲಿ ವಿನಯಪೂರ್ವಕವಾಗಿ ನೆನಪಿಸಬಯಸುತ್ತೇನೆ. ಆದರೆ ಸೋತಾಗಲೂ ಗೆದ್ದಾಗಲೂ ಎದುರಾಳಿಗಳ ಪ್ರೀತಿಯನ್ನು ಅವರಷ್ಟು ಗಳಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ನದಿಯ ಆಚೆ ದಡದ ಸೇಂಟ್ ವೆಂಡೆಲಿನ್ ಕಾಲೇಜಿನ ತಂಡವನ್ನು ಬಹುಕಾಲದಿಂದ ಪಳಗಿಸುತ್ತ, ಟಾಲೆಫ್ಸನ್ ಅವರನ್ನು ಸೋಲಿಸುವುದನ್ನೇ ವ್ರತವಾಗಿಟ್ಟುಕೊಂಡ ಡೇಲ್ ಕುಚೇರಾ ಎಂಬ ನನ್ನಿಂದಲೇ ಈ ಅಭಿನಂದನ ಸಂಚಿಕೆಯ ಸಂಪಾದಕರು ಲೇಖನ ಕೇಳಿದಾಗ ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು. "ಹಾವಿನ ಕೈಲಿ ಮುಂಗುಸಿಗೆ ಹಾರ ಹಾಕಿಸ್ತಿದಾರಲ್ಲ!" ಎಂದಳು. ಹಾವಿಗೆ ಕೈಯಿಲ್ಲವೆಂದು ನಾನು ತಿದ್ದಲು ಹೋಗಲಿಲ್ಲ.

ಟಾಲೆಫ್ಸನ್ ಅವರು ಹಾಲ್ವರ್‌ಸನ್‌ಗೆ ಬಂದಾಗ ಅಲ್ಲಿ ತಂಡವೆಂಬುದು ಹೆಸರಿಗಷ್ಟೇ ಇತ್ತು. ಹುಲ್ಲು ಕತ್ತರಿಸುವವರು, ಸುಣ್ಣದ ಗೆರೆ ಎಳೆಯುವವರು, ಬಸ್ಸು ಓಡಿಸುವವರು, ಆಟ ಕಲಿಸುವವರು ಎಲ್ಲರೂ ಅವರೇ. ಏಪ್ರಿಲ್ಲಿನಲ್ಲಿ ಬೀಳುವ ಹಿಮವನ್ನು ಹುಡುಗರ ಜೊತೆ ತಾವೂ ಸಲಿಕೆ ಹಿಡಿದು ಎತ್ತಿಹಾಕುತ್ತಿದ್ದರು. ಒಮ್ಮೆ ನಾವು ಬ್ಯಾಟಿನ ಚೀಲಗಳನ್ನೇ ಮರೆತು ಅವರೂರಿಗೆ ಹೋಗಿ ಇಳಿದೆವು. ಪಂದ್ಯವನ್ನು ಬಿಟ್ಟುಕೊಡಿ ಎಂದು ಅವರು ಕೇಳಬಹುದಿತ್ತು. ಕೇಳಲಿಲ್ಲ; ತಮ್ಮ ಹುಡುಗರ ಬ್ಯಾಟುಗಳನ್ನು ನಮಗೆ ಕೊಟ್ಟರು, ನಾವು ಅವುಗಳಿಂದಲೇ ಅವರನ್ನು ಚೆನ್ನಾಗಿ ಚಚ್ಚಿದೆವು. ಸಂಜೆ ಹಿಂದಿರುಗಿಸಲು ಹೋದಾಗ, "ಇವುಗಳೊಳಗೆ ಇಷ್ಟೊಂದು ರನ್ ಇದ್ವು ಅಂತ ನಮ್ಮ ಹುಡುಗ್ರಿಗೆ ಗೊತ್ತೇ ಇರ್ಲಿಲ್ಲ ನೋಡು" ಎಂದು ನಕ್ಕರು.

ನಮ್ಮ ಲೀಗಿನ ಮೊದಲ ನಾಲ್ಕು ತಂಡಗಳಿಗೆ ಮಾತ್ರ ಮೇ ತಿಂಗಳ ಟೂರ್ನಿಯಲ್ಲಿ ಜಾಗ. ಹಾಲ್ವರ್‌ಸನ್ ಆ ಹೊಸ್ತಿಲನ್ನು ಎಂದೂ ದಾಟಿರಲಿಲ್ಲ. ಟಾಲೆಫ್ಸನ್ ಅವರ ಸೇವೆಯ ಆರಂಭದ ವರ್ಷಗಳಲ್ಲೊಮ್ಮೆ ಉಳಿದಿದ್ದ ಒಂದೇ ಜಾಗಕ್ಕೆ ಲೀಗಿನ ಕೊನೆಯ ದಿನ ನಮ್ಮ ಮೈದಾನದಲ್ಲಿ ನಾವಿಬ್ಬರೂ ಎದುರಾದೆವು. ಒಂಬತ್ತು ಇನ್ನಿಂಗ್ಸಿನಲ್ಲಿ ಐದು ಮುಗಿದಾಗ ಅವರು ಒಂದು ರನ್ ಮುಂದಿದ್ದರು. ಆಗ ಮಳೆ ಬಂತು. ನಿಯಮ ಸರಳ: ಐದು ಇನ್ನಿಂಗ್ಸ್ ಆದ ಮೇಲೆ ನೆಲ ಕೆಸರಾಗಿ ಆಟ ನಿಂತರೆ ಮುಂದಿದ್ದವರೇ ಗೆದ್ದಂತೆ. ಮರುದಿನ ಪದವಿ ಪ್ರದಾನ, ಆಟಕ್ಕೆ ಬೇರೆ ದಿನವಿಲ್ಲ. ಮೈದಾನದ ಮಣ್ಣಿಗೆ ಟಾರ್ಪಾಲು ಹೊದಿಸುವುದು ನಮ್ಮ ಕೆಲಸ. ಅವರು ಸುಮ್ಮನೆ ಕೂತು ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆ ಉಗುಳುತ್ತಿದ್ದರೆ ಗೆಲ್ಲಲು ಸಾಕಿತ್ತು.

ಗಾಳಿ ಟಾರ್ಪಾಲಿನೊಳಗೆ ನುಗ್ಗಿ ನನ್ನ ಹುಡುಗರನ್ನು ಎಳೆದಾಡಿಸಿತು. ಇನ್ನೇನು ಕೈಬಿಟ್ಟಿತು ಎನ್ನುವಾಗ ಎದುರು ತಂಡ ಕೂರುವ ಡಗೌಟಿನಿಂದ ಟಾಲೆಫ್ಸನ್ ಅವರ ದನಿ ಕೇಳಿಸಿತು. "ಏನ್ ನೋಡ್ತಾ ಕೂತಿದೀರ್ರೋ? ಹೋಗಿ ಹಿಡೀರಿ!"

"ಕೋಚ್, ಅದನ್ನ ಹೊದಿಸಿದ್ರೆ ನಾವು ಸೋತ್ರೂ ಸೋಲ್ಬೋದು!" ಎಂದು ಅವರ ನಾಯಕ ಕೂಗಿದ.

"ಸೋತ್ರೆ ಆಡಿ ಸೋತ್ವಿ ಅನ್ನಿ. ಮಳೆ ಗೆಲ್ಲಿಸಿದ್ದಕ್ಕೆ ನಿಮ್ಮನ್ನ ಹೊಗಳೋರು ಯಾರು?"

ಎರಡೂ ತಂಡದ ಹುಡುಗರು ಟಾರ್ಪಾಲಿನ ಅಂಚಿನುದ್ದಕ್ಕೂ ಬೋರಲು ಮಲಗಿದರು. ಮಳೆ ನಿಂತಿತು, ಆಟ ಮುಂದುವರಿಯಿತು, ಕೊನೆಯ ಇನ್ನಿಂಗ್ಸಿನಲ್ಲಿ ನಾವು ಗೆದ್ದೆವು. ಅವರ ಹುಡುಗರು ಬಸ್ಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಟಾಲೆಫ್ಸನ್ ಅವರು ಬಂದು ನನ್ನ ಕೈಕುಲುಕಿ, "ಮೈದಾನ ಚೆನ್ನಾಗಿ ಒಣಗಿತ್ತು ಡೇಲ್" ಎಂದಷ್ಟೇ ಹೇಳಿ ಬಸ್ಸು ಹತ್ತಿ ಚಕ್ರ ಹಿಡಿದರು. ಕೈಗೆ ಬಂದ ಆ ತುತ್ತು ಅವರ ಬಾಯಿಗೆ ಮತ್ತೆ ಹತ್ತಿರವಾಗಲು ಈ ವಸಂತದವರೆಗೂ ಕಾಯಬೇಕಾಯಿತು.

ಈ ವರ್ಷವೇ ತಮ್ಮ ಕೊನೆಯದೆಂದು ಅವರು ಸಾರಿದ ಮೇಲೆ ಹಾಲ್ವರ್‌ಸನ್ ಹುಡುಗರಿಗೆ ಹಟ ಹಿಡಿಯಿತು. ಹಟವೇನೋ ಹಿಡಿಯಿತು, ಚೆಂಡು ಹಿಡಿಯಲಿಲ್ಲ! ಮಾರ್ಚಿನ ಫ್ಲಾರಿಡಾ ಪ್ರವಾಸದಲ್ಲಿ ಆಡಿದ್ದೆಲ್ಲ ಸೋತು, ಮೈಮೇಲೆ ಬಿಸಿಲಿನ ಕೆಂಪು ಬಿಟ್ಟರೆ ಬೇರೇನೂ ಗಳಿಸದೆ ಹಿಂತಿರುಗಿದರು. ಎಲ್ಲರಿಗಿಂತ ಕೆಟ್ಟ ಸ್ಥಿತಿ ಬೆಕೆಟ್ ಸೋರ್ಬಿ ಎಂಬ ಹುಡುಗನದು. ಅವನು ಬೀಸಿದ ಬ್ಯಾಟಿನ ಪೆಟ್ಟೆಲ್ಲ ಗಾಳಿಗೇ ಬೀಳುತ್ತಿತ್ತು. ಅವನನ್ನು ಆಡಿಸದೆ ಹೊರಗೆ ಕೂರಿಸಿ ಎಂದು ಹಳೆಯ ವಿದ್ಯಾರ್ಥಿಗಳು ಒತ್ತಾಯಿಸಿದರೆ, "ಕೂರಿಸಿದ್ರೆ ಅವನು ಕೂರೋದನ್ನೇ ಕಲೀತಾನೆ" ಎಂದು ಟಾಲೆಫ್ಸನ್ ಅವರು ಆ ಮಾತನ್ನು ಅಲ್ಲಿಗೇ ಮುಗಿಸಿದರು. ತಮ್ಮ ಮಂಡಿನೋವನ್ನು ಲೆಕ್ಕಿಸದೆ, ಅಭ್ಯಾಸ ಮುಗಿದ ಮೇಲೂ ಅವನೊಬ್ಬನಿಗೇ ಚೆಂಡೆಸೆಯುತ್ತ ನಿಲ್ಲುತ್ತಿದ್ದರು. ಹಿಮ ಕರಗಿದ ಮೇಲೆ ಅದೇನಾಯಿತೋ, ತಂಡ ಗೆಲ್ಲತೊಡಗಿತು. ನಾರ್ತ್‌ಫೋಲ್ಡಿನಲ್ಲಿ ಗೆದ್ದರು, ಸೋಲಿಲ್ಲದ ಸರದಾರರೆನಿಸಿದ್ದ ಕಾನ್‌ರಾಡ್ ಕಾಲೇಜನ್ನೂ ಕೆಡವಿದರು. ಪ್ರತಿ ಶನಿವಾರ ಅವರ ಫಲಿತಾಂಶ ಕೇಳಿ ನಾನು ಊಟದ ತಟ್ಟೆ ದೂಡುತ್ತಿದ್ದೆ.

ಲೀಗಿನ ಕೊನೆಯ ದಿನ ನಾವು ಅವರ ಮೈದಾನಕ್ಕೆ ಹೋದೆವು. ಉಳಿದದ್ದು ಒಂದೇ ಜಾಗ, ಗೆದ್ದವರಿಗೆ ಅದು. ಐದು ಇನ್ನಿಂಗ್ಸ್ ಮುಗಿದಾಗ ಈ ಸಲ ನಾವು ನಾಲ್ಕು, ಅವರು ಮೂರು. ನೀವು ಊಹಿಸಿದ್ದು ಸರಿ. ಪಶ್ಚಿಮದಿಂದ ಕಪ್ಪು ಮೋಡ ಎದ್ದು ಬಂತು.

ಅಂಪೈರ್ ಆಟ ನಿಲ್ಲಿಸಿದರು. ಹಾಲ್ವರ್‌ಸನ್ ಹುಡುಗರು ಟಾರ್ಪಾಲು ಬಿಚ್ಚುತ್ತಿದ್ದಂತೆ ಗಾಳಿ ಅದನ್ನು ಅವರ ಕೈಯಿಂದ ಕಿತ್ತುಕೊಳ್ಳತೊಡಗಿತು. ನಮ್ಮ ಡಗೌಟಿನಲ್ಲಿ ಒಬ್ಬನೂ ಅಲುಗಲಿಲ್ಲ. ನಮ್ಮ ನಾಯಕ ಕ್ವಿನ್ ನನ್ನ ಮುಖ ನೋಡಿ, "ಕೋಚ್, ಏನ್ ಮಾಡೋಣ?" ಎಂದ.

ನಾನು ಟಾರ್ಪಾಲಿನತ್ತಲೇ ನೋಡುತ್ತಿದ್ದೆ. ಹಳೆಯ ದಿನ ಮರೆತಿರಲಿಲ್ಲ. ಆದರೆ ಇವರು ನನ್ನ ಹುಡುಗರು, ಕ್ವಿನ್‌ಗೆ ಇದೇ ಕೊನೆಯ ವರ್ಷ, ಟೂರ್ನಿ ಅವನ ಕೈಯಳತೆಯಲ್ಲಿತ್ತು. ಅಷ್ಟರಲ್ಲಿ ಟಾರ್ಪಾಲಿನ ಒಂದು ಮೂಲೆ ಎದ್ದಿತು. ಅದರ ಮೇಲೆ ಟಾಲೆಫ್ಸನ್ ಅವರು ಕೈಕಾಲು ಚಾಚಿ ಬೋರಲು ಬಿದ್ದರು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ, ನನ್ನ ಹಟಮಾರಿ ಬುದ್ಧಿಗೆ, ನಾನು ಕೂತೇ ಇರುತ್ತಿದ್ದೆನೇನೋ.

"ಆ ಮುದುಕನ್ನ ಗಾಳಿ ಹೊತ್ಕೊಂಡ್ ಹೋಗೋದನ್ನ ನೋಡ್ತಾ ನಿಲ್ತೀರೇನ್ರೋ? ಓಡ್ರಿ!" ಎಂದು ಕಿರುಚಿ ನಾನೂ ಓಡಿದೆ. ಅವರ ಪಕ್ಕದಲ್ಲೇ ದಪ್ಪನೆ ಬಿದ್ದೆ. ಬೆನ್ನಿಗೆ ಮಳೆ ಬಡಿಯುತ್ತಿತ್ತು.

"ಇಷ್ಟು ವರ್ಷದಲ್ಲಿ ನಿನ್ನ ಹೊಟ್ಟೆ ಇವತ್ತು ಕೆಲ್ಸಕ್ಕೆ ಬಂತು ಡೇಲ್" ಎಂದರು ಟಾಲೆಫ್ಸನ್.

"ಬಾಯ್ಮುಚ್ಕೊಂಡು ಮೂಲೆ ಹಿಡ್ಕೊ ಮಾರಾಯ. ಮಳೆ ನಿಂತ್ಮೇಲೆ ನಿನ್ನ ಸೋಲಿಸ್ಬೇಕು ನಾನು."

"ಅದಕ್ಕೇ ಅಲ್ವಾ ಹೊದಿಸ್ತಿರೋದು!"

ಮಳೆ ನಿಂತಿತು. ಒಂಬತ್ತನೆಯ ಇನ್ನಿಂಗ್ಸಿಗೆ ಬಂದಾಗಲೂ ನಾವೇ ಒಂದು ರನ್ ಮುಂದಿದ್ದೆವು. ಅವರ ಇಬ್ಬರು ಔಟಾಗಿದ್ದರು, ಇನ್ನೊಬ್ಬ ಔಟಾದರೆ ಆಟ ಮುಗಿದಂತೆ; ಎರಡನೆಯ ಮತ್ತು ಮೂರನೆಯ ಬೇಸುಗಳಲ್ಲಿ ಒಬ್ಬೊಬ್ಬ ಓಡಿ ಬಂದು ರನ್ ಗಳಿಸಲು ಕಾದಿದ್ದ. ಬ್ಯಾಟು ಹಿಡಿದು ಬಂದವನು ಬೆಕೆಟ್ ಸೋರ್ಬಿ! ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮೊದಲ ಎರಡು ಚೆಂಡಿಗೂ ಅವನು ಗಾಳಿಯನ್ನೇ ಹೊಡೆದ; ಮೂರನೆಯದೂ ತಪ್ಪಿದರೆ ಔಟು. ಮೂರನೆಯದು ಬ್ಯಾಟಿನ ತುದಿಗೆ ತಾಗಿ ನೆಲಕ್ಕೆ ಬಿದ್ದು, ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ ನಿಂತಿದ್ದ ನಮ್ಮ ಕ್ವಿನ್‌ನ ಕಡೆಗೆ ನೆಟ್ಟಗೆ ಉರುಳಿತು. ನಾನು ಟೋಪಿ ಎಸೆಯಲು ಕೈ ಎತ್ತಿಯೂ ಆಗಿತ್ತು. ನೆಲ ಒದ್ದೆಯಾಗಿದ್ದರೆ ಚೆಂಡು ಅಲ್ಲೇ ಮಂದವಾಗಿ ಅವನ ಕೈಸೇರುತ್ತಿತ್ತು. ಆದರೆ ಅದು ಟಾರ್ಪಾಲಿನ ನಮ್ಮ ಮೂಲೆಯಿದ್ದ ಜಾಗ. ನಾನು ಹೊಟ್ಟೆ ಕೊಟ್ಟು ಕಾಪಾಡಿದ ಮಣ್ಣು. ಗಟ್ಟಿ ನೆಲಕ್ಕೆ ಬಡಿದ ಚೆಂಡು ಪುಟಿದೆದ್ದು, ಕ್ವಿನ್‌ನ ತಲೆಯ ಮೇಲಿಂದ ಹಾರಿ ಹುಲ್ಲಿಗೆ ಓಡಿತು. ಒಬ್ಬ ಬಂದ, ಅವನ ಬೆನ್ನಿಗೇ ಇನ್ನೊಬ್ಬ ಬಂದ. ಹಾಲ್ವರ್‌ಸನ್ ಊರಿಗೆ ಊರೇ ಮೈದಾನಕ್ಕೆ ನುಗ್ಗಿತು.

ಹೊಟ್ಟೆ ಉರಿಯಲಿಲ್ಲ ಎಂದು ಬರೆದರೆ ಸುಳ್ಳಾದೀತು. ಆದರೆ ಅಷ್ಟೇ ಗಟ್ಟಿಯಾಗಿ ಸಂತೋಷವೂ ಆಯಿತು, ಎರಡೂ ಒಟ್ಟಿಗೇ ಆದವು. ನಾನು ಹೋಗಿ ಅವರ ಕೈ ಹಿಡಿದು, "ಮೈದಾನ ಚೆನ್ನಾಗಿ ಒಣಗಿತ್ತು ವರ್ಲಿನ್" ಎಂದೆ. ಸದಾ ಮಾತಿಗೆ ಮಾತು ಕೊಡುವ ಆ ಮನುಷ್ಯ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಿಡಲೇ ಇಲ್ಲ.

ಟೂರ್ನಿಯಲ್ಲಿ ಅವರು ಆಡಿದ ಎರಡನ್ನೂ ಸೋತು ಬಂದರು. ಅದನ್ನು ಯಾರೂ ಕೇಳುವುದಿಲ್ಲ, ನಾನೂ ಇಲ್ಲಿ ಕೇವಲ ಚಟಕ್ಕೆ ಬರೆದೆ. ಮಾನ್ಯ ಟಾಲೆಫ್ಸನ್ ಅವರಿಗೆ ದೇವರು ನೂರು ವಸಂತ ಕೊಡಲಿ, ಮಂಡಿಗೆ ಹೊಸ ಕಸುವು ಕೊಡಲಿ. ಅವರು ಮನೆಯಲ್ಲಿ ಕೂರುವುದು ಮಾತ್ರ ಬೇಡ. ಕೂರಿಸಿದರೆ ಕೂರುವುದನ್ನೇ ಕಲಿತಾರು. ಮುಂದಿನ ಮೇ ತಿಂಗಳಲ್ಲಿ ಪಶ್ಚಿಮಕ್ಕೆ ಮೋಡ ಕಂಡಾಗ ದಯವಿಟ್ಟು ನದಿ ದಾಟಿ ಬರಬೇಕು. ನಮ್ಮ ಟಾರ್ಪಾಲು ಅಗಲವಾದದ್ದು, ಅದಕ್ಕೆ ನನ್ನ ಹೊಟ್ಟೆಯೊಂದೇ ಸಾಲದು.